ಮೂವತ್ತೆರಡನೇ ಪುಟದ ಆಚೆಗಿನ ಚಿಂತಕ

ಕೊಟ್ಟೂರಿನ ನಮ್ಮ ಓದುಗರ ಬಳಗದಲ್ಲಿ ನಾನು ವಿದೇಶಾಂಗ ನೀತಿಯ ತಜ್ಞ. ಈ ಪದವಿ ಯಾರೂ ಕೊಟ್ಟಿದ್ದಲ್ಲ. ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತು ನಾನೇ ಸಂಪಾದಿಸಿದ್ದು. ಹಾಗಾಗಿ, ತನ್ನ ದೇಶದ ಸರ್ಕಾರವನ್ನೇ ಎದುರು ಹಾಕಿಕೊಂಡ ಪರದೇಶದ ಚಿಂತಕನೊಬ್ಬನ ಪುಸ್ತಕದ ಬಗ್ಗೆ ಮಾತಾಡಲು ಬಳಗದವರು ಕೇಳಿದಾಗ, "ಅದನ್ನ ಮೂರು ಸಲ ಓದೀನ್ರಿ!" ಎಂದುಬಿಟ್ಟೆ. ಆಮೇಲೆ ಬಳಗದ ಬೀರುವಿನಿಂದ ಪುಸ್ತಕ ತಂದೆ. ಹೊಸ ರಟ್ಟಿನ ದಪ್ಪ ಪುಸ್ತಕ.

ಮೂವತ್ತೆರಡು ಪುಟ ಓದಿದೆ. ಯುದ್ಧದ ಸಂಗತಿ ಸ್ವಲ್ಪ ತಿಳಿಯಿತು. ಆ ಚಿಂತಕ ಭಾಷಾಶಾಸ್ತ್ರಜ್ಞನೂ ಹೌದು; ಅವನ ಪ್ರಕಾರ ಭಾಷೆ ಹುಟ್ಟಿನಿಂದಲೇ ಮನುಷ್ಯನ ಮನಸ್ಸಿನಲ್ಲಿರುತ್ತದಂತೆ ಎಂದು ಹೆಂಡತಿ ಗಿರಿಜಾಗೆ ಹೇಳಿದೆ.

"ಇರಬೋದು ಬಿಡ್ರಿ, ನಿಮ್ಮ ಬಾಯಿ ಹುಟ್ಟಿದಾಗಿಂದ ನಿಂತೇ ಇಲ್ಲ," ಎಂದಳು. "ಭಾನುವಾರ ನಿಮ್ಮ ಭಾಷಣಕ್ಕ ಹರಪನಹಳ್ಳಿಯಿಂದ ನಮ್ಮಪ್ಪಾರೂ ಬರ್ತಾರ. ಮರ್ಯಾದಿ ಉಳಿಸ್ರಿ!"

ಮಾವನವರು ಮೆಕ್ಕೆಜೋಳದ ವ್ಯಾಪಾರಿ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವರ ಕಣ್ಣಿಗೆ ನಾನು ಬರೀ ಬಾಯಿಬಡುಕ. ಅದನ್ನು ಸುಳ್ಳು ಮಾಡಲು ಸಿಕ್ಕಿದ್ದು ಇದೊಂದೇ ಅವಕಾಶ. ಓದಲೇಬೇಕೆಂದು ಪಣ ತೊಟ್ಟು ಪುಸ್ತಕ ಹಿಡಿದೆ. ಹಿಡಿದಾಗಲೆಲ್ಲ ನಿದ್ದೆ ಬಂತು.

ಭಾನುವಾರ ಮಾವನವರು ಮೊದಲ ಸಾಲಿನಲ್ಲೇ ಕೂತರು. ಮೂವತ್ತೆರಡು ಪುಟ ಹತ್ತೇ ನಿಮಿಷಕ್ಕೆ ಖಾಲಿ! ಇನ್ನೂ ಅರ್ಧ ಗಂಟೆ ಬಾಕಿ. "ಇನ್ನು ಚಿಂತಕರ ಮಾತಿನಲ್ಲೇ ಕೇಳಿ," ಎಂದು ಗಂಭೀರವಾಗಿ ಪುಸ್ತಕವನ್ನು ನಡುವೆ ತೆರೆದು ಓದಿದೆ.

"ಸಾಲಿನಿಂದ ಸಾಲಿಗೆ ಎರಡು ಅಡಿ ಅಂತರವಿರಬೇಕು."

ಕೈ ಎತ್ತಿ ಅರ್ಥ ಬಿಡಿಸಿದೆ. "ಅಂದರೆ, ದೇಶ ದೇಶಗಳ ನಡುವೆ ಗೌರವದ ಅಂತರ!" ಚಪ್ಪಾಳೆ ಬಿತ್ತು. ಉಬ್ಬಿಹೋದೆ.

"ಕಳೆಯನ್ನು ಎಳೆಯದಾಗಿರುವಾಗಲೇ ಕೀಳಬೇಕು." ಇದು ಸಲೀಸಾಯಿತು. "ಕಳೆ ಎಂದರೆ ಸರ್ಕಾರಗಳು ನಮ್ಮ ಮನಸ್ಸಿನಲ್ಲಿ ಬಿತ್ತುವ ಸುಳ್ಳು!" ಮತ್ತೆ ಚಪ್ಪಾಳೆ.

"ಎಕರೆಗೆ ಎಂಟು ಕಿಲೋ ಬೀಜ ಸಾಕು."

ಇದಕ್ಕೆ ಯಾವ ವಿದೇಶಾಂಗ ನೀತಿಯೂ ಒದಗಲಿಲ್ಲ!

ಮಾವನವರು ಎದ್ದು ನಿಂತರು. "ಅಳಿಯಂದ್ರೇ, ಅದು ಮೆಕ್ಕಿಜೋಳದ ಪುಸ್ತಕ ಐತ್ರಿ."

ಬಳಗದ ಹಳೇ ಪುಸ್ತಕಗಳಿಗೆಲ್ಲ ಒಟ್ಟಿಗೆ ರಟ್ಟು ಹಾಕಿಸಿದಾಗ, ಬೈಂಡಿಂಗ್‌ನವರು ಚಿಂತಕನ ಮೊದಲ ಮೂವತ್ತೆರಡು ಪುಟಕ್ಕೆ ಬೇಸಾಯದ ಕೈಪಿಡಿಯನ್ನು ಸೇರಿಸಿ ಹೊಲಿದಿದ್ದರು. ಇನ್ನೊಂದೇ ಪುಟ ತಿರುವಿದ್ದರೆ ಗೊತ್ತಾಗುತ್ತಿತ್ತು. ಮೂರು ಸಲ ಓದಿದ ಮಹಾಶಯ ನಾನು! ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಾಚ್ಕೋಬ್ಯಾಡ್ರಿ," ಎಂದು ಮಾವನವರು ವೇದಿಕೆಗೇ ಬಂದರು. "ಇಪ್ಪತ್ತು ವರ್ಷದಾಗ ನಿಮ್ಮ ಮಾತು ನನಗ ತಿಳಿದದ್ದು ಇವತ್ತೇ. ಪುಸ್ತಕ ಇತ್ತ ಕೊಡ್ರಿ, ಯಾರಾದ್ರೂ ಒಬ್ರು ಪೂರ್ತಿ ಓದ್ಲಿ."

ಕೊಟ್ಟೆ. ಮೂವತ್ತೆರಡನೇ ಪುಟದಲ್ಲಿ ಗುರುತಿಗೆಂದು ನಾನಿಟ್ಟಿದ್ದ ಬಸ್ ಟಿಕೆಟನ್ನು ಅವರು ತೆಗೆದು, ಸಭೆಗೆಲ್ಲ ಎತ್ತಿ ತೋರಿಸಿ, ಜೋಪಾನವಾಗಿ ನನ್ನ ಜೇಬಿಗೇ ಹಾಕಿದರು.