ಈರ ಮದುವೆಯಾದದ್ದೇ ಎಡವಟ್ಟಾಯಿತು

ಚಿತ್ರದಲ್ಲಿರುವವನಿಗೆ ಉಸಿರು ಕಟ್ಟಿದರೆ ಊರಿಗೆ ಊರೇ ಏದುಸಿರು ಬಿಡುವಂಥ ಪ್ರಸಂಗಗಳು ನಮ್ಮ ಕಡೆ ಆಗುತ್ತಲೇ ಇರುತ್ತವೆ. ಲೈಬ್ರರಿ ನಡೆಸಿದವರಿಗೆ ಮಾತ್ರ ಅದು ಚೆನ್ನಾಗಿ ಗೊತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಅಜ್ಜಂಪುರದ ನಮ್ಮ ಮನೆಯ ಜಗಲಿಯಲ್ಲಿ ನಾನೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟುಕೊಂಡಿದ್ದೆ. ಎರಡು ಬೀರು ತುಂಬ ಕಾದಂಬರಿ, ಕೂರಲು ಒಂದು ಬೆಂಚು, ಹಗ್ಗದ ಮೇಲೆ ಬಟ್ಟೆ ಒಣಹಾಕಿದ ಹಾಗೆ ನೇತುಬಿಟ್ಟ ವಾರಪತ್ರಿಕೆಗಳು. ಮಧ್ಯಾಹ್ನ ಯಾರೂ ಬರುತ್ತಿರಲಿಲ್ಲ. ಬಿಸಿಲು ಜಗಲಿಯ ಮೆಟ್ಟಿಲವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ನಾನು ಕಣ್ಣು ಬಿಟ್ಟುಕೊಂಡೇ ಕನಸು ಕಾಣುವವಳು. "ನಿನ್ನ ಲೈಬ್ರರೀಲಿ ಪುಸ್ತಕಕ್ಕಿಂತ ಆಕಳಿಕೆನೇ ಜಾಸ್ತಿ ಕಣೇ" ಎಂದು ನಮ್ಮನೆಯವರು ರೇಗಿಸುತ್ತಿದ್ದರು.

ಆದರೆ ಗುರುವಾರ ಮಾತ್ರ ಆಕಳಿಕೆಗೆ ರಜೆ. ಅವತ್ತು ರೈಲಿನಲ್ಲಿ ವಾರಪತ್ರಿಕೆಯ ಕಟ್ಟು ಬರುತ್ತಿತ್ತು. ಅದರ ಕೊನೆಯ ಎರಡು ಪುಟಗಳಲ್ಲಿ 'ಉಸಿರು ಬಿಡದ ಈರ' ಎಂಬ ಚಿತ್ರಕಥೆ. ಈರ ಒಬ್ಬ ಬಡ ಕಬಡ್ಡಿ ಆಟಗಾರ. ಗೆರೆ ದಾಟಿ ಎದುರಾಳಿಗಳ ಕಡೆ ಹೋದನೆಂದರೆ 'ಕಬಡ್ಡಿ ಕಬಡ್ಡಿ' ಎನ್ನುವ ಉಸಿರು ನಾಲ್ಕು ವಾರವಾದರೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಒಂದು ರೈಡನ್ನು ಕಲಾವಿದರು ನಾಲ್ಕು ಸಂಚಿಕೆ ಎಳೆಯುತ್ತಿದ್ದರು. ಅವನ ಗುಂಗುರು ಕೂದಲು ಗಾಳಿಯಲ್ಲಿ ಹಾರುವುದನ್ನು ಬರೆದಿದ್ದ ಚೆಂದ ಏನು ಹೇಳಲಿ! ನನಗಂತೂ ಅವನ ಮೇಲೆ ಪ್ರೀತಿಯೇ ಇತ್ತು. ನಮ್ಮನೆಯವರಿಗೂ ಹೇಳಿದ್ದೆ.

ಗಾಳಿಯಲ್ಲಿ ನಿಂತ ಕಾಲು

ನಮ್ಮೂರ ಕಬಡ್ಡಿ ತಂಡಕ್ಕೆ ಒಬ್ಬ ಕ್ಯಾಪ್ಟನ್ ಇದ್ದ. ತೆಂಗಿನ ತೋಟ, ರಾಗಿ ಹೊಲ ನೋಡಿಕೊಂಡಿದ್ದ ಹುಡುಗ. ಅವನಿಗೆ ಬೇರೆ ಗುರುವೇ ಇರಲಿಲ್ಲ. ಗುರುವಾರ ಈರ ಏನು ಮಾಡುತ್ತಾನೋ ಶುಕ್ರವಾರ ಕಣದಲ್ಲಿ ಇವನೂ ಅದನ್ನೇ ಮಾಡುತ್ತಿದ್ದ.

ಒಂದು ವಾರ ಈರ ಏಳು ಜನರ ನಡುವೆ ಎಗರಿದ್ದ. ಒಂದು ಕಾಲು ಮುಂದೆ, ಒಂದು ಕಾಲು ಮಡಚಿ, ಕೈ ರೆಕ್ಕೆಯಂತೆ. ಅಷ್ಟಕ್ಕೇ 'ಮುಂದಿನ ವಾರ' ಎಂದು ಬರೆದು ಬಿಟ್ಟಿದ್ದರು. ಆ ಏಳು ದಿನ ನನಗೂ ನೆಲದ ಮೇಲೆ ಕಾಲಿಟ್ಟ ಹಾಗೆಯೇ ಇರಲಿಲ್ಲ. ಸಾರು ಕುದಿಯುತ್ತಿದ್ದರೂ ನಾನು ಎಲ್ಲೋ ತೇಲುತ್ತಿದ್ದೆ.

ಆ ಭಾನುವಾರವೇ ಕಡೂರಿನಲ್ಲಿ ಅಲ್ಲಿನ ತಂಡದ ಜೊತೆ ಪಂದ್ಯ. ನಮ್ಮ ಕ್ಯಾಪ್ಟನ್ ರೈಡಿಗೆ ಹೋದವನೇ ಥೇಟ್ ಈರನ ಹಾಗೆ ಎಗರಿದ, ಒಂದು ಕಾಲಿನ ಮೇಲೆ ಇಳಿದ, ಕೈ ಅಗಲಿಸಿದ, ನಿಂತೇಬಿಟ್ಟ. ಕಡೂರಿನವರು ಹಿಡಿಯಬೇಕಲ್ಲ? ಅವರೂ ಅದೇ ಪತ್ರಿಕೆ ಓದುವವರು. ಏಳೂ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತರು.

"ಲೇ, ಮುಂದೇನೋ?" ಎಂದ ಅವರ ಕಡೆಯ ಒಬ್ಬ, ತಡೆಯಲಾರದೆ.

"ನಂಗೇನ್ ಗೊತ್ತು? ಗುರುವಾರ ಬತ್ತದೆ" ಎಂದ ಇವನು, ಒಂಟಿಕಾಲಿನಲ್ಲೇ.

ಮಾತಾಡಿದ್ದಕ್ಕೆ ಇವನು ಔಟಾಗಬೇಕಿತ್ತು. ಆದರೆ ಅಂಪೈರೂ ಈರನ ಅಭಿಮಾನಿಯೇ. ಅವರು ಸೀಟಿ ಊದಿ, ಎರಡೂ ಕಡೆಯವರನ್ನು ಕೇಳಿ, ಪಂದ್ಯವನ್ನು ಶುಕ್ರವಾರಕ್ಕೆ ಮುಂದೂಡಿದರು.

ಮಂಡಿಯ ಹರಕೆ

ಕ್ಯಾಪ್ಟನ್ನನ ಅಜ್ಜಿಗೆ ಓದಲು ಬಾರದು. ಗುರುವಾರ ಸಂಜೆ ಎಲೆಅಡಿಕೆ ಚೀಲದ ಸಮೇತ ನಮ್ಮ ಜಗಲಿಗೆ ಬಂದು, "ಓದವ್ವಾ, ಆ ಹುಡ್ಗ ಏನ್ ಮಾಡ್ದ?" ಎಂದು ಕೂರುತ್ತಿದ್ದರು. ನಾನು ಓದುವುದು, ಅವರು ಚಿತ್ರದ ಮೇಲೆ ಬೆರಳಾಡಿಸುವುದು.

ಮೊದಲ ಭಾಗದ ಕೊನೆಗೆ ಈರನ ಮಂಡಿ ಹೊರಳಿತು. ಅಜ್ಜಿ ಕಣ್ಣೀರು ಹಾಕಿಕೊಂಡು, ಮಂಡಿ ನೆಟ್ಟಗಾದರೆ ಅಂತರಘಟ್ಟೆಯ ಗುಡಿಗೆ ಬಂದು ಪೂಜೆ ಮಾಡಿಸುತ್ತೇನೆಂದು ಅಲ್ಲಿನ ದೇವಿಗೆ ಹರಕೆ ಹೊತ್ತರು. ಮುಂದಿನ ಗುರುವಾರವೇ ಈರ ಎದ್ದು ಓಡಿ ಕಪ್ಪು ಗೆದ್ದ, ಮೊದಲ ಭಾಗವೂ ಮುಗಿಯಿತು. ಹರಕೆ ತೀರಿಸಬೇಕಲ್ಲ! ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಪೂಜಾರಪ್ಪನವರು ತಟ್ಟೆ ತೆಗೆದುಕೊಂಡು, "ಯಾರ ಹೆಸ್ರಿಗೆ ಅಜ್ಜೀ?" ಎಂದರು.

"ಈರ ಅಂತ. ಕಬಡ್ಡಿ ಆಡ್ತಾನೆ. ಮಂಡಿ ನೋವಾಗಿತ್ತು" ಎಂದರು ಅಜ್ಜಿ.

ನಾನು ನಾಚಿಕೆಯಿಂದ ಸೆರಗು ಬಾಯಿಗೆ ಅಡ್ಡ ಹಿಡಿದೆ. ಪೂಜಾರಪ್ಪನವರು ತಟ್ಟೆಯನ್ನು ಹಾಗೇ ವಾಪಸು ಕೊಟ್ಟರು. "ಬೆಳಗಿಂದ ಅವನೊಬ್ಬಂದೇ ಆಗೋಯ್ತು ಕಣಜ್ಜೀ. ನಿಮ್ಮ ಮನೆಯವ್ರದ್ದು ಯಾರದಾದ್ರೂ ಇದ್ರೆ ಹೇಳಿ."

ಎರಡನೆಯ ಭಾಗ

ಆಮೇಲೆ ಬಹಳ ಕಾಲ ಈರನ ಸುದ್ದಿಯಿಲ್ಲ. ಗುರುವಾರಗಳು ಸುಮ್ಮನೆ ಬಂದು ಹೋದವು. ಎಂಬತ್ತರ ದಶಕ ಶುರುವಾಗಿತ್ತು. ಕ್ಯಾಪ್ಟನ್ನಿಗೆ ತರೀಕೆರೆಯ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಹುಡುಗಿಯನ್ನು ನೋಡಿ ಬಂದ ದಿನ, "ಅಕ್ಕಾ, ಒಂದ್ಸಲ ನಕ್ಕಳು ಅಷ್ಟೇ, ಬಸ್ಸು ಯಾವಾಗ ಅಜ್ಜಂಪುರಕ್ಕೆ ಬಂತೋ ಗೊತ್ತಾಗ್ಲಿಲ್ಲ" ಎಂದಿದ್ದ. ಹುಡುಗ ಪೂರ್ತಿ ಕರಗಿಹೋಗಿದ್ದ.

ಅಂಥ ಹೊತ್ತಿನಲ್ಲಿ ಪತ್ರಿಕೆಯವರು ಈರನ ಎರಡನೆಯ ಭಾಗ ಶುರುಮಾಡಿದರು. ಗುರುವಾರ ಸ್ಟೇಷನ್ನಿನಲ್ಲಿ ಜನವೋ ಜನ. ರೈಲು ಕಡೂರು ದಾಟಿಯೇ ನಮ್ಮೂರಿಗೆ ಬರಬೇಕು. ಕಡೂರಿನವರು ನಮಗಿಂತ ಮುಂಚೆ ಓದಿಬಿಟ್ಟಿರುತ್ತಾರಲ್ಲ ಎಂದು ನಮ್ಮವರಿಗೆ ಹೊಟ್ಟೆಯುರಿ. ರೈಲು ಬಂತು. ಅದರಿಂದಿಳಿದ ಕಡೂರಿನವರ ಮುಖ ನೋಡಿದರೆ ಎಲ್ಲರೂ ಸಾವಿನ ಮನೆಯಿಂದ ಬಂದವರ ಹಾಗಿದ್ದರು.

ಕಟ್ಟು ಬಿಚ್ಚಿದೆವು. ಮೊದಲ ಪುಟದಲ್ಲಿ ಈರನ ಮದುವೆ. ಎರಡನೇ ಪುಟದಲ್ಲಿ ಮದುವೆಯಾದ ಮೇಲಿನ ಮೊದಲ ರೈಡು. ಗೆರೆ ದಾಟಿದ ಈರನ ಬಾಯಿಂದ 'ಕಬ' ಎಂದು ಹೊರಟದ್ದು ಅಲ್ಲಿಗೇ ನಿಂತಿತ್ತು. ಉಸಿರು ಬಿಟ್ಟಿದ್ದ! ಸ್ಟೇಷನ್ನಿನ ಬೇವಿನ ಮರದಿಂದ ಎಲೆ ಬೀಳುವುದು ಕೇಳಿಸುತ್ತಿತ್ತು.

ಒಂದೊಂದು ಊರಿನವರದು ಒಂದೊಂದು ವಾದ. ಕಲಾವಿದರನ್ನೇ ಬದಲಾಯಿಸಿದ್ದಾರೆ ಎಂದರು ಕಡೂರಿನವರು. ಅತ್ತೆಮನೆಯಲ್ಲಿ ಊಟದಲ್ಲಿ ಏನೋ ಹಾಕಿದ್ದಾರೆ ಎಂದರು ತರೀಕೆರೆಯವರು. ಇದೆಲ್ಲ ಈರ ಕಾಣುತ್ತಿರುವ ಕನಸು, ಬೆಳಗಾದರೆ ಸರಿಹೋಗುತ್ತದೆ ಎಂದವಳು ನಾನು. ನಮ್ಮೂರಿನಲ್ಲಿ ತುಂಬ ಜನ ನನ್ನ ಮಾತನ್ನು ನಂಬಿ ನೆಮ್ಮದಿಯಾಗಿ ಮಲಗಿದರು.

ಕ್ಯಾಪ್ಟನ್ ಮಾತ್ರ ಮಲಗಲಿಲ್ಲ. ಮಾರನೆಯ ದಿನ ಬಂದು, "ಅಕ್ಕಾ, ನಾನು ಮದ್ವೆ ಆಗಲ್ಲ" ಎಂದ.

"ಯಾಕೋ? ಹುಡುಗಿ ಇಷ್ಟ ಇಲ್ವಾ?"

"ಇಷ್ಟ ಇರೋದೇ ತೊಂದ್ರೆ ಆಗಿರೋದು. ಈರಂಗೂ ಇಷ್ಟ ಇತ್ತು. ಏನಾಯ್ತು ನೋಡಿದ್ರಲ್ಲ?"

"ಲೇ, ಅದು ಚಿತ್ರ ಕಣೋ!"

"ಮಂಡಿನೂ ಚಿತ್ರದ್ದೇ ಅಲ್ವಾ? ಅಜ್ಜಿ ಹರಕೆ ಹೊತ್ತಿದ್ಕೆ ಸರಿ ಹೋಗ್ಲಿಲ್ವಾ?"

ಅವನ ತಂಡದವರು ಪತ್ರಿಕೆಗೇ ಬರೆದರು: ಈರನಿಗೆ ಮದುವೆ ಮಾಡಿದ್ದು ಅನ್ಯಾಯ, ಮದುವೆಯೇ ಆಗಿಲ್ಲವೆಂದು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕು. ಕೆಲವು ವಾರ ಈರನ ಪುಟಗಳೇ ಬರಲಿಲ್ಲ, ಆಮೇಲೆ ಮೂಲೆಯಲ್ಲಿ ಸಣ್ಣಕ್ಷರದ ಉತ್ತರ ಬಂತು. 'ಓದುಗರ ನೋವು ಅರ್ಥವಾಗುತ್ತದೆ. ಆದರೆ ನಮ್ಮ ಕಲಾವಿದರೂ ಈಚೆಗಷ್ಟೇ ಮದುವೆಯಾಗಿದ್ದಾರೆ.'

ಬೀಗರು ಬಂದರು

ಹುಡುಗ ಹಿಂದೇಟು ಹಾಕುತ್ತಿದ್ದಾನೆಂಬ ಸುದ್ದಿ ತರೀಕೆರೆಗೆ ಮುಟ್ಟಿತು. ಲಗ್ನಪತ್ರಿಕೆ ಆಗಲೇ ಅಚ್ಚಾಗಿತ್ತು. ಹುಡುಗಿಯ ಅಪ್ಪ ಬೆಳಗಿನ ಬಸ್ಸಿಗೇ ಬಂದು ನೇರ ನಮ್ಮ ಜಗಲಿ ಹತ್ತಿದರು. ಕೈಯಲ್ಲಿ ಕೊಡೆ, ಮುಖದಲ್ಲಿ ಸಿಡುಕು.

"ಅದ್ಯಾವನಮ್ಮಾ ಈರ? ಅವನು ಉಸಿರು ಬಿಟ್ರೆ ನನ್ನ ಮಗಳ ಮದ್ವೆ ಯಾಕೆ ನಿಲ್ಬೇಕು? ಎಲ್ಲಿ, ತೋರ್ಸಿ ಅವನನ್ನ!"

ನಾನು ಮೊದಲ ಭಾಗದ ಸಂಚಿಕೆಗಳನ್ನೆಲ್ಲ ತೆಗೆದು ಮುಂದಿಟ್ಟೆ. ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಓದಲು ಶುರುಮಾಡಿದರು. ಹನ್ನೊಂದರ ಬಸ್ಸು ಹೋಯಿತು. ಊಟಕ್ಕೆ ಕರೆದೆ, ಕೈಯಲ್ಲೇ ತಡೆದರು. ಮಧ್ಯಾಹ್ನದ ಬಸ್ಸೂ ಹೋಯಿತು. ಈರ ಗಾಳಿಯಲ್ಲಿ ಎಗರಿದಾಗ ಅವರ ಬಲಗಾಲು ತಾನಾಗಿ ಮೇಲೆದ್ದಿತ್ತು. ನನಗಂತೂ ಆ ಮಧ್ಯಾಹ್ನ ಬಹಳ ಹಿತವೆನಿಸಿತು. ದೊಡ್ಡ ಮನುಷ್ಯರೊಬ್ಬರು ಕಣ್ಣೆದುರೇ ಹುಡುಗರಾಗುವುದನ್ನು ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಎರಡನೆಯ ಭಾಗಕ್ಕೆ ಬಂದರು. 'ಕಬ' ಎಂಬಲ್ಲಿ ಬೆರಳಿಟ್ಟು, ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬಿಸಿಲು ಇಳಿದಿತ್ತು. ಕೊನೆಗೆ ಕೊಡೆ ಹಿಡಿದು ಎದ್ದರು.

"ಹುಡ್ಗ ಹೇಳೋದ್ರಲ್ಲಿ ನ್ಯಾಯ ಇದೆ ತಾಯಿ. ಮೊದ್ಲು ಈರ ಹುಷಾರಾಗ್ಲಿ."

ಒಂದೇ ಉಸಿರು

ಮದುವೆ ನಿಂತೇಹೋಯಿತು ಎಂದುಕೊಂಡೆ. ನನಗೆ ನಿಜಕ್ಕೂ ದುಃಖವಾಯಿತು. ಒಂದು ನಗು ನೋಡಿ ಬಸ್ಸಿನ ದಾರಿಯನ್ನೇ ಮರೆತಿದ್ದ ಹುಡುಗ ಈಗ ಕಣದಲ್ಲಿ ಒಬ್ಬನೇ ಕೂತು ಉಸಿರು ಎಳೆದು ಬಿಟ್ಟು ಮಾಡುತ್ತಿದ್ದ. ಉಸಿರೂ ಬೇಕು, ಹುಡುಗಿಯೂ ಬೇಕು, ಎರಡೂ ಕೈತಪ್ಪುತ್ತವೇನೋ ಎಂಬ ಭಯ.

ಆ ಭಾನುವಾರ ಹುಡುಗಿಯೇ ಅಪ್ಪನನ್ನು ಹೊರಡಿಸಿಕೊಂಡು ಬಂದಳು. ತರೀಕೆರೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವಳು. ತೆಳ್ಳಗೆ, ಮೆಲುದನಿಯವಳು. ಬಂದವಳೇ ಬೆಂಚಿನ ಮೇಲೆ ಕೂತು ಈರನ ಎರಡೂ ಪುಟ ನೋಡಿ, ಮಡಚಿಟ್ಟು, "ಅವರನ್ನ ಸ್ವಲ್ಪ ಕರೆಸ್ತೀರಾ?" ಎಂದಳು.

ಅಜ್ಜಿ ಹೋಗಿ ತೋಟದಿಂದ ಎಳೆದುಕೊಂಡು ಬಂದರು. ಕಾಲಿಗೆಲ್ಲ ಕೆಸರು. ಹುಡುಗಿಯನ್ನು ಕಂಡು ಜಗಲಿಯ ಕಂಬ ಹಿಡಿದು ನಿಂತುಬಿಟ್ಟ.

"ಮದ್ವೆ ಆದ್ರೆ ನಿಮ್ಮ ಉಸಿರು ಹೋಗುತ್ತಂತೆ?" ಎಂದಳು.

"ಹಂಗಂತಲ್ಲ... ಈರಂಗೆ..."

"ಈರನ ಮಾತು ಬಿಡಿ. ನನ್ನ ಎದುರಿಗೆ ಒಂದ್ಸಲ ಉಸಿರು ಹಿಡಿದು ತೋರಿಸಿ. ನಾನೂ ಹಿಡೀತೀನಿ. ಯಾರು ಮೊದ್ಲು ಬಿಡ್ತಾರೋ ನೋಡೋಣ."

ಹುಡುಗಿಯ ಅಪ್ಪ "ಏ, ಏನೇ ಇದು!" ಎಂದರು. ಆದರೆ ಅವರೇ ಮೊದಲು ಬೆಂಚಿನ ತುದಿಗೆ ಬಂದು ಕೂತರು. ಅಜ್ಜಿ ಅಂಪೈರು. ಎಲೆಅಡಿಕೆ ಉಗಿದು ಬಂದು, "ಹೂಂ, ಶುರು ಮಾಡ್ರಿ" ಎಂದರು.

ಇಬ್ಬರೂ ಉಸಿರೆಳೆದುಕೊಂಡರು. ಕಬಡ್ಡಿ ಕಬಡ್ಡಿ ಕಬಡ್ಡಿ. ಅವನದು ಕಣದ ದನಿ, ದಪ್ಪ. ಅವಳದು ತೊಟ್ಟಿಲು ತೂಗುವವರ ದನಿ. ಮಧ್ಯಾಹ್ನದ ಆ ಜಗಲಿಯಲ್ಲಿ ಅದನ್ನು ಕೇಳುತ್ತ ನನಗೆ ಜೋಂಪು ಹತ್ತಿತು. ಹಗ್ಗದ ಮೇಲಿನ ಪತ್ರಿಕೆಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಹೀಗೇ ಇದು ಮುಗಿಯದೆ ನಡೆಯುತ್ತಿರಲಿ ಎನಿಸಿತು.

ಅಷ್ಟರಲ್ಲಿ ಹುಡುಗಿ ಕಬಡ್ಡಿ ನಿಲ್ಲಿಸದೆಯೇ ಅವನನ್ನು ನೋಡಿ ಸ್ವಲ್ಪ ನಕ್ಕಳು. ಕ್ಯಾಪ್ಟನ್ 'ಕಬ' ಎಂದವನು ಅಲ್ಲಿಗೇ ನಿಂತ. ಇದ್ದಬದ್ದ ಉಸಿರೆಲ್ಲ ಹೊರಗೆ ಹೋಯಿತು. ಅವಳ ಪಾಡಿಗೆ ಅವಳು ಕಬಡ್ಡಿ ಕಬಡ್ಡಿ ಎನ್ನುತ್ತಲೇ ಸೆರಗು ಸರಿಮಾಡಿಕೊಂಡು, ಬಿದ್ದಿದ್ದ ಅಪ್ಪನ ಕೊಡೆಯನ್ನು ಎತ್ತಿ ಗೋಡೆಗೆ ಒರಗಿಸಿ, ಆಮೇಲೆ ನಿಧಾನಕ್ಕೆ ನಿಲ್ಲಿಸಿದಳು.

"ಹುಡ್ಗ ಔಟು" ಎಂದರು ಅಜ್ಜಿ, ಮೊಮ್ಮಗನೆಂಬ ದಾಕ್ಷಿಣ್ಯವಿಲ್ಲದೆ.

ಕ್ಯಾಪ್ಟನ್ ನನ್ನ ಕಡೆ ತಿರುಗಿದ. ಅಳು ಒಂದೇ ಬಾಕಿ. "ನೋಡಿದ್ರಾ ಅಕ್ಕಾ? ಮದ್ವೆಗೆ ಮುಂಚೆನೇ ಉಸಿರು ಹೋಯ್ತು!"

ಹುಡುಗಿ ಎದ್ದು, ಚೀಲದಲ್ಲಿ ತಂದಿದ್ದ ಲಗ್ನಪತ್ರಿಕೆಗಳ ಕಟ್ಟನ್ನು ಅವನ ಕೈಗಿಟ್ಟಳು.

"ಹೋಗೋದು ಹೋಯ್ತಲ್ಲ, ಇನ್ನೇನು ಭಯ? ಇವತ್ತೇ ಹಂಚೋಕೆ ಶುರು ಮಾಡಿ."