ಎವರ್ಟ್ ಉಜ್ಜಿದ ದೋಣಿ

ಕೇಡಿಗೆಲ್ಲ ಕಾರಣ ಎವರ್ಟ್ ನೀಮನ್‌ನ ಶ್ರದ್ಧೆ. ದೇವರು ಅದನ್ನು ಬಡಿಸುವಾಗ ಸೌಟಿನ ಅಳತೆ ಮರೆತಿದ್ದ. ಸ್ವೀಡನ್ನಿನ ಆ ದ್ವೀಪದಲ್ಲಿ ಬೇರೆಯವರು ವಸಂತ ಬಂದೊಡನೆ ದೋಣಿಯ ಹಳೆ ಬಣ್ಣ ಕೆರೆದು ಹೊಸದು ಬಳಿದು ಕೈತೊಳೆದರೆ, ಎವರ್ಟ್ ಈಸ್ಟರ್ ರಜೆಯಿಡೀ ಉಜ್ಜುತ್ತ ಕೂತ, ಹಸುಗೂಸಿಗೆ ಎಣ್ಣೆ ನೀವುವ ಅಜ್ಜಿಯ ಹಾಗೆ. ಉಜ್ಜಿ ಉಜ್ಜಿ, ಹಿಂಬದಿಯಲ್ಲಿ ಕಾರ್ಖಾನೆಯವರು ಕೊರೆದಿದ್ದ ಗುರುತಿನ ಸಂಖ್ಯೆಯೂ ಪುಡಿಯಾಗಿ ಗಾಳಿಗೆ ಹೋಯಿತು.

ಅದು ಗೊತ್ತಾದದ್ದು ದೋಣಿ ಇಳಿಸುವ ದಿನ. ದ್ವೀಪಕ್ಕೆ ಕ್ರೇನು ಬರುವುದು ವಸಂತದಲ್ಲಿ ಒಂದೇ ದಿನ. ಅಂದು ನೀರಿಗಿಳಿಯದ ದೋಣಿಗೆ ಬೇಸಗೆಯಿಡೀ ದಡವೇ ಗತಿ, ಅದರ ಯಜಮಾನನಿಗೂ.

“ನಂಬರ್ ಎಲ್ಲಯ್ಯಾ?” ಎಂದಳು ದೋಣಿ ಸಂಘದ ಮುಖ್ಯಸ್ಥೆ ಗುನ್‌ಬೋರ್ಗ್. “ನಂಬರಿಲ್ಲದ್ದು ಕಳ್ಳಮಾಲು. ನಾನು ಹಗ್ಗ ಬಿಗಿಯಲ್ಲ. ಪೊಲೀಸ್ನೋರು ಬೇರೆ ಬರ್ತಿದಾರೆ, ಎಲ್ಲರ ನಂಬರ್ ನೋಡೋಕೆ.”

“ಕದ್ದದ್ದಲ್ಲಮ್ಮ, ಉಜ್ಜಿದ್ದು!”

ಅಷ್ಟರಲ್ಲಿ ಸ್ಟಿಗ್ ಬಂದ. ತನ್ನ ದೋಣಿಯ ಹೊದಿಕೆಯನ್ನೂ ಬಿಚ್ಚದ ಸೋಮಾರಿ; ಬಂದದ್ದು ಸಂಘದ ಕಾಫಿಗೆ, ದಾಲ್ಚಿನ್ನಿ ಬನ್ನಿಗೆ. “ಇಷ್ಟಕ್ಕೆ ಮುಖ ಸಣ್ಣ ಮಾಡ್ತೀಯಲ್ಲ ಮಾರಾಯ! ನಿನ್ನ ದೋಣಿ, ನಿನ್ನ ನಂಬರ್. ವಿಮೆ ಕಾಗದ ನೋಡ್ಕೊಂಡು ನೀನೇ ಕೊರಿ. ಮೆಷಿನ್ ನಾನು ಕೊಡ್ತೀನಿ.”

ಎವರ್ಟ್ ಕೊರೆದ. ಗೋರಿಕಲ್ಲಿನ ಮೇಲೆ ತಾಯಿಯ ಹೆಸರು ಕೆತ್ತುವವನ ಭಕ್ತಿಯಿಂದ ಕೊರೆದ. ಜನ ಕಾಫಿ ಲೋಟ ಹಿಡಿದೇ ಸುತ್ತ ನಿಂತರು. ಒಬ್ಬ ಮುದುಕ ಟೊಪ್ಪಿಗೆಯನ್ನೂ ತೆಗೆದ.

ಪೊಲೀಸ್ ಅಧಿಕಾರಿ ಡೀಸಾ ಬಂದು ಅಂಕಿಗಳ ಮೇಲೆ ಬೆರಳಾಡಿಸಿದಳು. “ಆಹಾ! ಯಾವ ಕಾರ್ಖಾನೆಯವರೂ ಇಷ್ಟು ಚೆಂದ ಕೊರೆಯಲ್ಲ!”

“ನಾನೇ ಕೊರೆದದ್ದು!” ಹೊಗಳಿಕೆಗೆ ಎವರ್ಟ್ ಹಪ್ಪಳದಂತೆ ಉಬ್ಬಿದ. ಸ್ಟಿಗ್ ಮೆಲ್ಲನೆ ಹಿಂದೆ ಸರಿದ.

“ಗುರುತು ಅಳಿಸೋದು ಅಪರಾಧ, ಯಜಮಾನ್ರೆ. ನಾವೇ ಕೊರೆಯೋದು ಇನ್ನೊಂದು ಅಪರಾಧ,” ಎಂದಳು ಡೀಸಾ. ಅವನ ಬಿಳಿಚಿದ ಮುಖ ನೋಡಿ ದನಿ ಇಳಿಸಿದಳು. “ಹೆದರ್ಬೇಡಿ. ಕಾರ್ಖಾನೆಯವರು ಒಳಗೆ ಗುಟ್ಟಾಗಿ ಇನ್ನೊಂದು ಸಲ ಬರೆದಿರ್ತಾರೆ. ಎರಡೂ ಹೊಂದಿದ್ರೆ ನಾನೇ ಕ್ರೇನಿಗೆ ಹೇಳ್ತೀನಿ.”

ಟಾರ್ಚು ಹಿಡಿದು ಅವಳು ಒಳಗೆ ತೂರಿದಳು. ಎವರ್ಟ್ ಬರುವ ಕೀರ್ತನೆಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡ. ಹೊರಬಂದ ಡೀಸಾ ಫೋನಿನಲ್ಲಿ ವಿಚಾರಿಸಿ, “ಹೊಂದಲ್ಲ. ಈ ದೋಣಿ ಸ್ಟಿಗ್ ಹೆಡ್‌ಮಾನ್ ಅನ್ನೋರದ್ದು,” ಎಂದಳು.

ಸ್ಟಿಗ್‌ನ ಬನ್ನು ಅರ್ಧದಲ್ಲೇ ನಿಂತಿತು. ಗುನ್‌ಬೋರ್ಗ್ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಚಳಿಗಾಲದಲ್ಲಿ ಹಿಮ ತೆಗೆಯೋಕೆ ಅಂತ ನಾನೇ ಇವರಿಬ್ಬರ ದೋಣಿಗಳನ್ನೂ ಆಚೀಚೆ ಮಾಡಿದ್ದೆ! ಒಂದೇ ಕಾರ್ಖಾನೆ, ಒಂದೇ ಹಸಿರು ಟಾರ್ಪಾಲು...”

“ನಿಮ್ಮ ದೋಣಿಗೆ ಅವರ ನಂಬರ್ ಬಿದ್ದಿದೆ. ದೂರು ಇದೆಯಾ?” ಎಂದು ಡೀಸಾ ಸ್ಟಿಗ್‌ನನ್ನು ಕೇಳಿದಳು.

ಸ್ಟಿಗ್ ದೋಣಿಯ ಮೈ ಸವರಿ ನೋಡಿದ. “ದೂರಾ? ಕೊಂಡ ದಿನವೂ ಇದು ಹೀಗಿರ್ಲಿಲ್ಲ ತಾಯಿ!”

“ಬೇಕಂತ ಮಾಡಿದ್ದಲ್ಲ ಅಂತ ಬರ್ಕೊಳ್ತೀನಿ. ಒಳಗಿನ ನಂಬರ್ ಸಾಕು, ಇಳಿಸಿ. ಹೊರಗಿನದನ್ನ ಕಾರ್ಖಾನೆಯವರ ಕೈಲೇ ಸರಿಮಾಡಿಸಿ.”

ಕ್ರೇನು ಎತ್ತಿತು. ದೋಣಿ ಬಿಸಿಲಿಗೆ ಮುತ್ತಿನಂತೆ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು, ಎವರ್ಟನೂ ತಟ್ಟಿದ.

“ನಿನ್ನದನ್ನೂ ಎತ್ತಿಬಿಡೋಣ. ಅದರ ನಂಬರನ್ನ ಯಾರೂ ಉಜ್ಜಿಲ್ಲ,” ಎಂದಳು ಗುನ್‌ಬೋರ್ಗ್.

ಎವರ್ಟ್ ಪಕ್ಕದ ಟಾರ್ಪಾಲು ಸರಿಸಿದ. ಪೊರೆ ಬಿಡುವ ಹಾವಿನಂತೆ ಬಣ್ಣ ಸುಲಿದ ಅವನ ದೋಣಿ. “ಇದನ್ನಾ? ಹೀಗೇ ನೀರಿಗಾ?” ಎಂದು ಅವನು ಎದೆ ಹಿಡಿದುಕೊಂಡ. “ಬೇಡಮ್ಮ, ಬೇಡ.”

ಕ್ರೇನು ಕೈಮಡಚಿ ಹೊರಟುಹೋಯಿತು. ನೀರಿನ ಮೇಲಿಂದ ಸ್ಟಿಗ್ ಕೂಗಿದ: “ಎವರ್ಟ್! ಬರೋ ವರ್ಷಾನೂ ಗುನ್‌ಬೋರ್ಗೇ ಹಿಮ ತೆಗೀಲಿ, ಆಯ್ತಾ?”