ಹಿಂದಕ್ಕೆ ಓಡಿದ ಡೀಸೆಲ್ ದೋಣಿ

ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಿಂತ ದೋಣಿಯ ಇಂಜಿನ್ನನ್ನೇ ಬದಲಾಯಿಸುವುದು ಸುಲಭ ಎಂದು ಕರಡಪ್ಪನವರಿಗೆ ಅನ್ನಿಸಿದ್ದೇ ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ.

ಕರಡಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದುದರಿಂದ ಅಂಟಿಕೊಂಡದ್ದು. (ಕರಡಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇದೆ ಎಂದು ವಾದಿಸುವವರು ಅವರ ಹೆಂಡತಿ ಒಬ್ಬರೇ.) ಕೆಂಪು ಪೆನ್ನು ಕೈಗೆ ಬಂತೆಂದರೆ ಮಹಾಮಹಾ ಪಂಡಿತರ ಕೊಂಬು, ದೀರ್ಘ, ಒತ್ತುಗಳನ್ನೆಲ್ಲ ಕಿವಿ ಹಿಂಡಿ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ದಿನವಿಡೀ ಬೇರೆಯವರ ತಪ್ಪು ಹುಡುಕುವ ಮನುಷ್ಯನಿಗೆ ತನ್ನ ತಪ್ಪು ಹುಡುಕಿಕೊಳ್ಳಲು ಪುರುಸೊತ್ತಾದರೂ ಎಲ್ಲಿಂದ ಬರಬೇಕು?

ದೋಣಿ ಮಾವನವರದು. ಅವರು ತೀರಿಕೊಂಡ ಮೇಲೆ ಮಗಳಿಗೆ, ಮಗಳ ಮೂಲಕ ಅಳಿಯನ ಸುಪರ್ದಿಗೆ ಬಂದದ್ದು. ಆರು ಜನ ಕೂರಬಹುದಾದ ಬಿಳಿ ದೋಣಿ. ಅದರ ಹೊಟ್ಟೆಯಲ್ಲಿ ಮಾವನವರೇ ಮುಂದೆ ನಿಂತು ಹಾಕಿಸಿದ್ದ ಪೆಟ್ರೋಲ್ ಇಂಜಿನ್. ಭಾನುವಾರ ಸಂಜೆ ಮನೆಮಂದಿ ಊರಂಚಿನ ಕೆರೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದರು.

ಅಂಥ ಒಂದು ಭಾನುವಾರ, ಹೆಂಡತಿಯ ತಮ್ಮನೂ ಜೊತೆಗಿದ್ದಾಗ, ಸರಿಯಾಗಿ ಕೆರೆಯ ನಡುಮಧ್ಯೆ ಇಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕರಡಪ್ಪನವರು ಕೀಲಿ ತಿರುಗಿಸಿದರು, ಮುಚ್ಚಳ ತೆಗೆದು ಊದಿದರು, ಬೈದರು. ಕೊನೆಗೆ ಕಾಲಿನಿಂದ ತುಳಿಯುವ ಬಾತುಕೋಳಿ ಆಕಾರದ ದೋಣಿಯಲ್ಲಿ ಬಂದ ಇಬ್ಬರು ಕಾಲೇಜು ಹುಡುಗಿಯರು ಹಗ್ಗ ಕಟ್ಟಿ ಇವರನ್ನು ದಡಕ್ಕೆ ಎಳೆದು ತಂದರು. ದಡದಲ್ಲಿದ್ದ ದೋಣಿ ಸಂಘದವರೆಲ್ಲ ಎದ್ದು ನಿಂತು ನೋಡಿದರು.

ಎಲ್ಲರೂ ಹೋದ ಮೇಲೆ ಕರಡಪ್ಪನವರು ಒಬ್ಬರೇ ಬಗ್ಗಿ ನೋಡಿದರೆ, ಪೆಟ್ರೋಲ್ ಟ್ಯಾಂಕಿನ ಕೆಳಗಿನ ಪುಟ್ಟ ಕೊಳಾಯಿ ಮುಚ್ಚಿತ್ತು. ಹಿಂದಿನ ವಾರ ಮುನ್ನೆಚ್ಚರಿಕೆಯ ಕ್ರಮವಾಗಿ ಮುಚ್ಚಿದ್ದವರು ಅವರೇ. ಕೊಳವೆಯಲ್ಲಿ ಉಳಿದಿದ್ದ ನಾಲ್ಕು ಹನಿಯಲ್ಲಿ ಪಾಪ, ಇಂಜಿನ್ ಕೆರೆಯ ಮಧ್ಯದವರೆಗಾದರೂ ಬಂದಿತ್ತು.

"ಏನಾಗಿತ್ತಂತೆ ಭಾವ?" ಎಂದು ಭಾವಮೈದುನ ಊಟದ ಹೊತ್ತಿಗೆ ಕೇಳಿದ.

"ಕೊಳಾಯಿ ತೆರೆಯೋದು ಮರೆತಿದ್ದೆ" ಎಂದರೆ ಮುಗಿಯುತ್ತಿತ್ತು. ಮೂರೇ ಪದ. ಆದರೆ ನಾಲಿಗೆ ಬೇರೆ ದಾರಿ ಹಿಡಿಯಿತು.

"ಆಗೋದೇನು? ಪೆಟ್ರೋಲ್ ಇಂಜಿನ್ ಅಂದ್ರೆ ಹಾಗೇನೇ. ಅದರ ಜಾತಕವೇ ಸರಿಯಿಲ್ಲ. ಆವಿ, ಕಿಡಿ, ಯಾವಾಗ ಭಗ್ ಅನ್ನುತ್ತೋ! ಡೀಸೆಲ್ ಹಾಕಿಸಬೇಕು. ಡೀಸೆಲ್ ಅಂದ್ರೆ ಸ್ಥಿತಪ್ರಜ್ಞ."

"ಅಪ್ಪ ಓಡಿಸೋವಾಗ ಒಂದು ದಿನಾನೂ ನಿಂತಿರ್ಲಿಲ್ಲವಲ್ಲ ರೀ," ಎಂದರು ಹೆಂಡತಿ.

"ನಿಮ್ಮಪ್ಪನ್ನ ಕಂಡ್ರೆ ಅದಕ್ಕೆ ಭಯ ಇತ್ತು."

"ನಿಮ್ಮನ್ನ ಕಂಡ್ರೆ ನಗು ಬರುತ್ತೇನೋ." ಅಷ್ಟು ಹೇಳಿ ಆಕೆ ಅನ್ನದ ಪಾತ್ರೆಗೆ ಮುಚ್ಚಳ ಹಾಕುತ್ತ, "ಆ ಸದ್ದು ಕೇಳಿದ್ರೆ ಅಪ್ಪ ಪಕ್ಕದಲ್ಲೇ ಕೂತು ಗಂಟಲು ಸರಿ ಮಾಡ್ಕೊಂಡ ಹಾಗಿರುತ್ತೆ. ಹೋಗ್ಲಿ ಬಿಡಿ, ಅಪಾಯ ಅಂದ್ರೆ ಅಪಾಯಾನೇ. ಬದಲಾಯಿಸಿ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಕರಡಪ್ಪನವರಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿದು ಇಳಿಸಿಕೊಂಡರು. ತುತ್ತು ಮಾತ್ರ ಇಳಿಯಿತು.

ದೋಣಿ ರಿಪೇರಿಯ ಮೇಸ್ತ್ರಿ ಮಿತಭಾಷಿ. ಹಳೆಯ ಇಂಜಿನ್ ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, "ಚೆನ್ನಾಗೇ ಇದೆಯಲ್ಲ ಸಾರ್," ಎಂದ.

"ಒಳಗೆ ದೋಷ ಇದೆ."

"ಎಲ್ಲಿ ಸಾರ್?"

"ಹೇಳಿದ್ನಲ್ಲಯ್ಯಾ, ಒಳಗೆ."

ಮೇಸ್ತ್ರಿ ವಾದ ಮಾಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ. ಹೊಸ ಡೀಸೆಲ್ ಇಂಜಿನ್ ಬಲಕ್ಕೆ ತಿರುಗುವಂಥದ್ದು. ದೋಣಿಯ ಹಿಂಭಾಗದಲ್ಲಿ ನೀರೊಳಗೆ ತಿರುಗುವ ಪ್ರೊಪೆಲರ್ ಫ್ಯಾನು ಎಡಕ್ಕೆ ತಿರುಗುವಂಥದ್ದೋ, ಬಲಕ್ಕೆ ತಿರುಗುವಂಥದ್ದೋ?

ಕರಡಪ್ಪನವರು ಅದನ್ನು ಜನ್ಮದಲ್ಲಿ ನೋಡಿರಲಿಲ್ಲ. "ಮುಂದಕ್ಕೆ ತಿರುಗುತ್ತೆ," ಎಂದರು ಗಂಭೀರವಾಗಿ.

ಮೇಸ್ತ್ರಿ ನಗಲಿಲ್ಲ. (ನಕ್ಕಿದ್ದರೆ ಚೆನ್ನಾಗಿತ್ತು.) "ಅದಲ್ಲ ಸಾರ್, ಹಿಂದೆ ನಿಂತು ನೋಡಿದ್ರೆ... ಇರ್ಲಿ, ದೋಣಿನೇ ನೀರಿಂದ ಮೇಲೆತ್ತಿ ನೋಡಿಬಿಡೋಣ್ವಾ? ಎರಡು ದಿನ ತಡ ಆಗುತ್ತೆ ಅಷ್ಟೆ."

"ಏನೂ ಬೇಡ! ಈ ಭಾನುವಾರ ಎಲ್ಲರನ್ನೂ ಕರೆದಾಗಿದೆ. ಬಲಕ್ಕೆ. ಬಲಕ್ಕೇ ತಿರುಗೋದು. ನಾನು ಖುದ್ದಾಗಿ ಪರೀಕ್ಷೆ ಮಾಡಿದ್ದೀನಿ."

"ಹಾಗಾದ್ರೆ ಸರಿ ಸಾರ್," ಎಂದ ಮೇಸ್ತ್ರಿ. ನಾಲ್ಕು ಜನ ಸೇರಿ ಹಳೆಯ ಇಂಜಿನ್ ಎತ್ತಿ ಅದರ ಜಾಗದಲ್ಲಿ ಡೀಸೆಲ್ಲನ್ನು ಕೂರಿಸಿದರು. ಅದರ ಭಾರಕ್ಕೆ ದೋಣಿಯ ಹಿಂಭಾಗ ಕುಸಿದು ಮೂತಿ ಆಕಾಶ ನೋಡತೊಡಗಿತು. ಕರಡಪ್ಪನವರು ಮುದ್ರಣಾಲಯದಿಂದ ಹಳೆಯ ಕರಡಿನ ಏಳು ಕಟ್ಟುಗಳನ್ನು ತಂದು ಮೂತಿಯಲ್ಲಿ ಪೇರಿಸಿ ಸಮತೋಲನ ಸಾಧಿಸಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಆ ತಪ್ಪುಗಳು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಭಾನುವಾರ ದಡದ ತುಂಬ ಜನ. ದೋಣಿ ಸಂಘದವರು, ಮುದ್ರಣಾಲಯದವರು, ಎಣ್ಣೆಬಟ್ಟೆ ಹಿಡಿದು ಒಂದು ಮೂಲೆಯಲ್ಲಿ ಮೇಸ್ತ್ರಿ. ದೋಣಿಯಲ್ಲಿ ಹೆಂಡತಿ, ಅತ್ತೆ, ಭಾವಮೈದುನ. ಕರಡಪ್ಪನವರು ಡೀಸೆಲ್ಲಿನ ಗುಣಗಾನ ಮಾಡಿ, "ಇನ್ನು ಮುಂದೆ ಹಿಂದಿರುಗಿ ನೋಡೋ ಮಾತೇ ಇಲ್ಲ!" ಎಂದು ಭಾಷಣ ಮುಗಿಸಿ, ಚಪ್ಪಾಳೆಯ ನಡುವೆ ಇಂಜಿನ್ ಚಾಲೂ ಮಾಡಿದರು. ಅದು ಗುಡುಗಿತು. ಕಪ್ಪು ಹೊಗೆ ಎದ್ದಿತು. ಅತ್ತೆಯ ಕನ್ನಡಕ ಮೂಗಿನ ಮೇಲೇ ತಾಳ ಹಾಕತೊಡಗಿತು. ಕರಡಪ್ಪನವರು ನೆಟ್ಟಗೆ ನಿಂತು, ಎದುರು ದಡದ ಮೇಲೆ ದೃಷ್ಟಿ ನೆಟ್ಟು, ಗೇರನ್ನು ಮುಂದಕ್ಕೆ ತಳ್ಳಿದರು.

ಎದುರು ದಡ ದೂರ ಹೋಗತೊಡಗಿತು.

ಕೆರೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತಿದೆಯೇ ಎಂದು ಅವರು ಒಂದು ಕ್ಷಣ ಬೆರಗಾದರು.

"ರೀ, ಹಿಂದೆ ಹೋಗ್ತಾ ಇದೆ!"

"ಅಳಿಯಂದ್ರೇ, ಮೆಟ್ಟಿಲು! ಮೆಟ್ಟಿಲು!"

ಗಾಬರಿಯಾದ ಕರಡಪ್ಪನವರು ಗೇರನ್ನು ಇನ್ನಷ್ಟು ಮುಂದಕ್ಕೆ ಒತ್ತಿದರು. ದೋಣಿ ಇನ್ನಷ್ಟು ಉತ್ಸಾಹದಿಂದ ಹಿಂದಕ್ಕೆ ನುಗ್ಗಿ, ದಡದ ಮೆಟ್ಟಿಲ ಪಕ್ಕದ ಕೆಸರಿಗೆ ಹಿಂಭಾಗ ಊರಿ ಕುಳಿತುಬಿಟ್ಟಿತು. ದಡದಲ್ಲಿದ್ದವರು ದಿಕ್ಕಾಪಾಲಾಗಿ ಓಡಿದರು. ಕರಡಿನ ಕಟ್ಟುಗಳು ಬಿಚ್ಚಿಕೊಂಡು, ಕೆಂಪು ಗೀಟಿನ ಹಾಳೆಗಳು ನೀರಿನ ತುಂಬ ಹರಡಿದವು.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ನಗು ಶುರುವಾಗಿತ್ತು. ಆ ನಗುವಿನ ನಡುವೆ ಕರಡಪ್ಪನವರ ಬೆರಳು ತಾನಾಗಿಯೇ ಮೇಲೆದ್ದು ಮೇಸ್ತ್ರಿಯತ್ತ ತಿರುಗಿತು.

"ಉಲ್ಟಾ ಕೂರಿಸಿದ್ದೀಯಲ್ಲಯ್ಯಾ! ಅಷ್ಟೂ ಗೊತ್ತಾಗಲ್ವಾ ನಿನಗೆ?"

ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಅವನು ಏನೋ ಹೇಳಲು ಬಾಯಿ ತೆರೆದ. ಕರಡಪ್ಪನವರ ಮುಖ ನೋಡಿದ. ದೋಣಿಯಲ್ಲಿ ಅವರ ಪಕ್ಕ ನಿಂತಿದ್ದ ಹೆಂಡತಿಯನ್ನೂ ನೋಡಿದ. ಆಮೇಲೆ ಎಣ್ಣೆಬಟ್ಟೆಯಲ್ಲಿ ನಿಧಾನವಾಗಿ ಕೈ ಒರೆಸಿಕೊಳ್ಳುತ್ತ, "ನಂದೇ ತಪ್ಪಿರಬೇಕು ಸಾರ್," ಎಂದ.

ಆ ಮಾತು ಕರಡಪ್ಪನವರನ್ನು ಮನೆಯವರೆಗೂ ಹಿಂಬಾಲಿಸಿ, ಒಳಗೆ ಬಂದು ಕುಳಿತಿತು. ಸೋಮವಾರ ಊಟ ಸೇರಲಿಲ್ಲ. ಮಂಗಳವಾರ ಮುದ್ರಣಾಲಯದಲ್ಲಿ ಮದುವೆಯ ಕರೆಯೋಲೆಯ ಕರಡು ಓದಿದರು. 'ವಧು' ಇರಬೇಕಾದಲ್ಲಿ 'ವಧೆ' ಎಂದಿತ್ತು. ಹಾಗೇ ಬಿಟ್ಟುಕೊಟ್ಟರು. ಕನ್ನಡಿಯ ಮುಂದೆ ಗಡ್ಡ ಕೆರೆಯುವಾಗ ಮೂಗಿನ ಕೆಳಗಿನ ಭಾಗವನ್ನಷ್ಟೇ ನೋಡಿಕೊಂಡರು. ಬುಧವಾರ ಅರ್ಧ ದಿನ ರಜೆ ಹಾಕಿ ಮೇಸ್ತ್ರಿಯ ಶೆಡ್ಡಿಗೆ ಹೊರಟರು. ಹೆಂಡತಿ ತವರಿಗೆ ಹೋಗಿ ಬರುತ್ತೇನೆಂದು ಬೆಳಿಗ್ಗೆಯೇ ಹೊರಟಿದ್ದುದು ಅನುಕೂಲವೇ ಆಯಿತು.

ಶೆಡ್ಡಿನ ಮುಂಭಾಗದಲ್ಲಿ ನಾಲ್ಕೈದು ಗಿರಾಕಿಗಳು ಗುಂಪುಗಟ್ಟಿ ನಿಂತಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ಕರಡಪ್ಪನವರು ಹಿಂಬಾಗಿಲಿನಿಂದ ನುಸುಳಿದರು. ಮರದ ದಿಮ್ಮಿಗಳ ಮೇಲೆ ಅವರ ದೋಣಿ. ಅದರ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಮೇಲಕ್ಕೆ ಎಣ್ಣೆಹಿಡಿದ ಮೇಲಂಗಿ. ಒಳಗೆ ಸ್ಪ್ಯಾನರಿನ ಟಣ್ ಟಣ್. ಮೇಸ್ತ್ರಿಯ ಕಾಲುಚೀಲವೂ ತಮ್ಮದರಂತೆಯೇ ಹೆಬ್ಬೆರಳಿನ ಬಳಿ ಹರಿದಿರುವುದನ್ನು ಕಂಡು ಅವರಿಗೆ ಇಡೀ ಮಾನವಕುಲದ ಮೇಲೆ ಕರುಣೆ ಉಕ್ಕಿತು.

"ಮೇಸ್ತ್ರಿ, ಹೊರಗೆ ಬರಬೇಡಿ," ಎಂದರು. ಏಕವಚನ ತಾನಾಗಿಯೇ ಉದುರಿಹೋಗಿತ್ತು. "ಮುಖ ನೋಡಿದ್ರೆ ನನ್ನ ಕೈಲಿ ಹೇಳಕ್ಕಾಗಲ್ಲ. ಆ ಫ್ಯಾನು ಯಾವ ಕಡೆ ತಿರುಗುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಪರೀಕ್ಷೆನೂ ಮಾಡಿರ್ಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಅಷ್ಟು ಜನರ ಮುಂದೆ ನಿಮ್ಮ ಮೇಲೆ ಹಾಕಿದೆ. ನೀವು ಅದನ್ನೂ ನುಂಗಿಕೊಂಡ್ರಿ."

ಟಣ್ ಟಣ್ ನಿಂತಿತು.

ಶುರು ಮಾಡಿದ ಮೇಲೆ ಕರಡಪ್ಪನವರಿಗೆ ನಿಲ್ಲಿಸಲಾಗಲಿಲ್ಲ. "ಇನ್ನೊಂದಿದೆ. ಹಳೇ ಇಂಜಿನ್‌ಗೆ ಏನೂ ಆಗಿರ್ಲಿಲ್ಲ. ಕೊಳಾಯಿ ಮುಚ್ಚಿದ್ದೆ, ತೆರೆಯೋದು ಮರೆತೆ. ಅದನ್ನ ಹೇಳೋಕಾಗದೆ ಇಷ್ಟೆಲ್ಲ ಮಾಡಿದೆ. ಅವಳಿಗೆ ಅದು ಅಪ್ಪನ ದನಿ ಇದ್ದ ಹಾಗಿತ್ತು ಮೇಸ್ತ್ರಿ. ಅದನ್ನ ಕಿತ್ತು ಹಾಕಿಸಿದೆ." ಮೂಗು ಒರೆಸಿಕೊಂಡರು. "ಏನಾದ್ರೂ ಅನ್ನಿ ಮೇಸ್ತ್ರಿ. ಬೈಯಿರಿ."

"ಮೇಸ್ತ್ರಿ ಮುಂದೆ ಗಿರಾಕಿಗಳ ಹತ್ರ ಇದ್ದಾರೆ," ಎಂದಿತು ದೋಣಿಯ ಕೆಳಗಿನ ದನಿ.

ಮೇಲಂಗಿ ನಿಧಾನವಾಗಿ ಸರಿದು ಹೊರಬಂದು, ಎದ್ದು ಕುಳಿತಿತು. ಕೆನ್ನೆಯ ಮೇಲೆ ಗ್ರೀಸು, ಕೈಯಲ್ಲಿ ಸ್ಪ್ಯಾನರು, ಹೆಂಡತಿ.

"ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೀರಿ. ಹೆಂಡತಿ ಕಾಲು ಗುರುತಾಗ್ಲಿಲ್ವಾ?"

"ಕಾಲುಚೀಲ ಗುರುತಾಯ್ತು," ಎಂದರು ಕರಡಪ್ಪನವರು ಕ್ಷೀಣವಾಗಿ.

ಆಕೆ ಕೂಗಾಡಲಿಲ್ಲ. ಕೂಗಾಡಲಿ ಎಂದು ಕರಡಪ್ಪನವರು ಒಳಗೊಳಗೇ ಬೇಡಿಕೊಂಡರು. "ಅಪ್ಪನ ಇಂಜಿನ್‌ಗೆ ಏನೂ ಆಗಿರ್ಲಿಲ್ಲ," ಎಂದು ಆಕೆ ಮೆಲ್ಲಗೆ ತನಗೇ ಹೇಳಿಕೊಂಡರು. ಬಹಳ ಹೊತ್ತು ಸ್ಪ್ಯಾನರನ್ನು ಮಗುಚಿ ಮಗುಚಿ ನೋಡಿದರು. ಆಮೇಲೆ ಸ್ಪ್ಯಾನರಿನಿಂದಲೇ ಮೂಲೆಯನ್ನು ತೋರಿಸಿದರು. ಅಲ್ಲಿ ಟಾರ್ಪಾಲಿನ ಕೆಳಗೆ ಏನೋ ಮುದುಡಿ ಕುಳಿತಿತ್ತು. "ಮೇಸ್ತ್ರಿ ಅದನ್ನ ಎಸೀದೆ ಇಟ್ಟಿದ್ದಾರೆ. ಒಳ್ಳೇ ಇಂಜಿನ್ ಎಸೆಯೋಕೆ ಮನಸ್ಸು ಬರ್ಲಿಲ್ವಂತೆ. ಎಡಕ್ಕೆ ತಿರುಗೋ ಈ ಫ್ಯಾನು ಬಿಚ್ಚಿ ಬಲಕ್ಕೆ ತಿರುಗೋದು ಹಾಕಿದ್ರೆ ಡೀಸೆಲ್ಲೂ ಸರಿಹೋಗುತ್ತಂತೆ, ಆದರೆ ಈ ವಾರ ಅವರಿಗೆ ಕೈ ಬಿಡುವಿಲ್ಲ. ಅದಕ್ಕೇ ನಾನೇ ಬಿಚ್ಚಿಕೊಡ್ತೀನಿ ಅಂತ ಬಂದೆ. ಅಪ್ಪನ ಇಂಜಿನ್‌ನೇ ವಾಪಸ್ ಹಾಕೋದೋ, ಇದನ್ನೇ ಇಟ್ಕೊಳ್ಳೋದೋ ಆಮೇಲೆ ನೋಡೋಣ. ಈ ಡೀಸೆಲ್ಲೇನು ಪಾಪ ಮಾಡಿದೆ? ಮೊದಲು ಮೇಸ್ತ್ರಿ ಹತ್ರ ಹೋಗಿ."

"ಮತ್ತೆ ಮೊದಲಿಂದ ಹೇಳ್ಬೇಕಾ?"

"ಮೊದಲಿಂದ. ಆ ಗಿರಾಕಿಗಳೆಲ್ಲ ಇರೋವಾಗ್ಲೇ. ಅವರನ್ನ ಬೈದದ್ದೂ ಜನರ ಮುಂದೆನೇ ಅಲ್ವಾ?" ಆಕೆ ಪುನಃ ದೋಣಿಯ ಕೆಳಗೆ ಸರಿಯಲು ಹೋದವರು ಅಲ್ಲೇ ತಡೆದುಕೊಂಡರು. "ಹಾಗೇ, ಈ ಫ್ಯಾನಿನ ನಟ್ಟು ಯಾವ ಕಡೆ ತಿರುಗಿಸಿದ್ರೆ ಬಿಚ್ಚುತ್ತೆ ಅಂತಾನೂ ಕೇಳ್ಕೊಂಡು ಬನ್ನಿ."

"ನಿನಗೆ ಗೊತ್ತಿಲ್ವಾ?"

"ಗೊತ್ತಿದ್ದಿದ್ರೆ ಒಂದು ಗಂಟೆಯಿಂದ ಇದರ ಕೆಳಗೆ ಯಾಕೆ ಬಿದ್ದಿರ್ತಿದ್ದೆ?"

"ಮೇಸ್ತ್ರಿನ ಕೇಳ್ಬಹುದಿತ್ತಲ್ಲ."

"ಎಲ್ಲ ಗೊತ್ತು ಅಂತ ಹೇಳಿ ಒಳಗೆ ಬಂದಿದ್ದೀನಿ ರೀ. ಈಗ ಹೋಗಿ ಕೇಳೋಕೆ ನನಗೆ ನಾಚಿಕೆ ಆಗಲ್ವಾ? ನೀವೇ ಕೇಳಿ. ನಿಮ್ಮ ಮರ್ಯಾದೆ ಹೇಗೂ ಇವತ್ತು ಹೋಗೋದೇ, ಅದರ ಜೊತೆಗೇ ಇದೂ ಹೋಗ್ಲಿ. ನನ್ನ ಹೆಸರು ಮಾತ್ರ ಎತ್ತಬೇಡಿ!"